ಹಬ್ಬದ ಮಾರನೆಯ ದಿನ

ಮಂಡ್ಯದ ಗದ್ದೆಗಳಲ್ಲಿ ಕಬ್ಬು ಕಡಿದವರು ನಾವು. ಅಲ್ಲಿಗೆ ಸಕ್ಕರೆ ಕಾರ್ಖಾನೆ 1933ರಲ್ಲೇ ಬಂತು; ನಮ್ಮ ಕೇರಿಗೆ ಸಕ್ಕರೆ ಬಂದದ್ದು ಹಬ್ಬಕ್ಕೆ ಮಾತ್ರ. ಅಂಥ ನಮ್ಮ ಮೈಯಲ್ಲೀಗ ಸಕ್ಕರೆ ಕಾಯಿಲೆ.

ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಕೇರಿ ತುಂಬ ಪಾಯಸ, ಲಾಡು. ನಮ್ಮವ್ವ ಎರಡು ದಿನ ಮನಸಾರೆ ತಿಂದಳು. ಮೂರನೆಯ ದಿನ ಬೆರಳು ಚುಚ್ಚಿ ನೋಡಿದರೆ 310. "ಪಾಪಿ ನಾಲಿಗೆ" ಅಂತ ಕೆನ್ನೆ ಬಡ್ಕೊಂಡು ಉಪವಾಸ ಕೂತಳು. ಆಸ್ಪತ್ರೆಗೆ ಕರೆದರೆ, "ಡಾಕ್ಟ್ರು ಬಯ್ತಾರೆ, ನಾ ಬರಕಿಲ್ಲ ಕಣಪ್ಪ" ಅಂದಳು.

ಈ ಪಾಪದ ಲೆಕ್ಕ ನಮಗೆ ಕಲಿಸಿದವರು ಯಾರು? ಹಸಿವನ್ನೇ ಉಂಡು ಬೆಳೆದವರಿಗೆ ಮತ್ತೆ ಉಪವಾಸದ ಶಿಕ್ಷೆಯೇ? ಕೆಲವು ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗಿಳಿದು, ಬೆವರಿ, ನಡುಗಿ ಬೀಳಬಹುದು. ಒಂದಕ್ಕೆ ಎರಡು ಮಾತ್ರೆ ನುಂಗೋದೂ ಅಪಾಯ. ಮುಂದಿನ ಊಟದಿಂದಲೇ ದಾರಿಗೆ ಬರಬೇಕು: ಮುದ್ದೆ ಸಣ್ಣದು, ಸೊಪ್ಪು ಕಾಳು ಜಾಸ್ತಿ, ಬಾಯಾರಿದಷ್ಟು ನೀರು, ಉಂಡ ಮೇಲೆ ನಡಿಗೆ, ಡಾಕ್ಟ್ರು ಬರೆದಷ್ಟೇ ಮಾತ್ರೆ. ಸಕ್ಕರೆ ಇಳಿಯದೆ ವಾಂತಿ, ಮಂಪರು ಬಂದರೆ ಅವತ್ತೇ ಆಸ್ಪತ್ರೆ.

ಸುಮಾರು ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯಿದೆ. ಅದರಲ್ಲಿ ಎರಡು ದಿನದ ಪಾಯಸದ್ದು ಸಣ್ಣ ಪಾಲು. ಬೈಗುಳಕ್ಕೆ ಹೆದರಿ ಮಾತ್ರೆ, ಆಸ್ಪತ್ರೆ ಎರಡನ್ನೂ ಬಿಟ್ಟ ವರ್ಷಗಳೇ ಕಣ್ಣು, ಕಾಲು ಕಿತ್ಕೊಳ್ಳೋದು.

ಬಾಬಾಸಾಹೇಬರಿಗೂ ಈ ಕಾಯಿಲೆಯಿತ್ತು. ಕಾಯಿಲೆಯ ಮೈಯಲ್ಲೇ ಸಂವಿಧಾನದ ಕರಡು ಸಮಿತಿ ನಡೆಸಿದರು.

ಅವ್ವಂದಿರೇ, ನಾಚಿಕೆ ಬೇಡ. ಸರ್ಕಾರಿ ಆಸ್ಪತ್ರೆಯ ಮಾತ್ರೆ ಭಿಕ್ಷೆಯಲ್ಲ, ನಮ್ಮ ಹಕ್ಕು. ಬಯ್ದರೆ ಎದುರು ನಿಂತು ಕೇಳಲು ನಾವಿದ್ದೇವೆ. ಚೀಟಿ ತಗೊಳ್ಳಿ, ನಾಳೆ ಬೆಳಿಗ್ಗೆ ಒಟ್ಟಿಗೇ ಹೋಗೋಣ.