ತವರೂರಿನಲ್ಲಿ ಲಾಡ್ಜೇ?

ಪ್ರವಾಸಕ್ಕೆ ಹೊರಡುವಾಗ ಏನೇನು ನೋಡಬೇಕೆಂದು ನಾವು ಉದ್ದದ ಪಟ್ಟಿ ಮಾಡುತ್ತೇವೆ. ಎಲ್ಲಿ ಮಲಗುವುದು, ಏನು ಉಣ್ಣುವುದು ಎಂಬುದನ್ನು ಮಾತ್ರ ‘ಅಲ್ಲಿ ಹೋದ ಮೇಲೆ ನೋಡಿದರಾಯಿತು’ ಎಂದು ಬಿಟ್ಟುಬಿಡುತ್ತೇವೆ. ಊರಿಗೆ ಮರಳಿ ಆರು ತಿಂಗಳಾದ ಮೇಲೆ ಮಕ್ಕಳನ್ನು ಕೇಳಿ ನೋಡಿ. ಅವರಿಗೆ ನೆನಪಿರುವುದು ಕೋಟೆ ಕಟ್ಟಿದ ಇಸವಿಯಲ್ಲ. ಬಾವಿಕಟ್ಟೆಯ ಸ್ನಾನ, ಯಾರೋ ಅಕ್ಕರೆಯಿಂದ ಬಡಿಸಿದ ಬಿಸಿ ಅನ್ನ. ಹಿರಿಯರಿಗಂತೂ ಪ್ರವಾಸ ಸುಖವೋ ಶಿಕ್ಷೆಯೋ ಎಂದು ತೀರ್ಮಾನಿಸುವುದೇ ಈ ಎರಡು ಸಂಗತಿಗಳು.

ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯಿಂದ ಕಾರವಾರದ ಕಡೆ ಮೂರು ರಾತ್ರಿಗಳ ಪ್ರವಾಸ ಹೊರಟವರು ನಾವು ಆರು ಮಂದಿ. ನಾನು, ನಮ್ಮ ಮನೆಯವರು, ಹದಿಮೂರರ ಮಗಳು, ಎಂಟರ ಮಗ, ಧಾರವಾಡದ ಅತ್ತೆ, ಬೆಳಗಾವಿಯಲ್ಲಿ ಅಣ್ಣನ ಜೊತೆಗಿರುವ ನನ್ನ ಅಮ್ಮ. ಅತ್ತೆ ಮೀನಿನ ವಾಸನೆ ಬಂದರೆ ಸೆರಗು ಮೂಗಿಗೆ ಹಿಡಿಯುವವರು. ಅಮ್ಮನಿಗೆ ಮೀನಿಲ್ಲದೆ ಅನ್ನ ಗಂಟಲಲ್ಲಿ ಇಳಿಯದು. ಇಬ್ಬರಿಗೂ ಮೊಣಕಾಲು ನೋವು. ಇಂಥ ಕುಟುಂಬಕ್ಕೆ ತಂಗುವ ಜಾಗ ಹುಡುಕುವುದು ಹುಡುಗಿಗೆ ವರ ಹುಡುಕಿದಷ್ಟೇ ಕಷ್ಟ.

ಕಾರವಾರದ ಕಡಲತೀರಕ್ಕೆ ಹತ್ತಿರ ಒಂದು ಲಾಡ್ಜು ನೋಡೋಣವೆಂದು ನಾನು ಅಂದದ್ದೇ ತಡ, ಅಮ್ಮನ ಮುಖ ಸಣ್ಣದಾಯಿತು.

‘ನಮ್ಮೂರಿಗೆ ಹೋಗಿ ಲಾಡ್ಜಿನಲ್ಲಿ ಮಲಗೂದಾ? ದುಡ್ಡು ಕೊಟ್ಟು ಮಲಗೂಕೆ ನಾನೇನು ಪರದೇಶಿಯಾ?’

ಆ ಮಾತಿನ ಹಿಂದೆ ಒಂದು ಕತೆಯಿದೆ. ಅಮ್ಮ ಹುಟ್ಟಿದ್ದು ಅರ್ಗಾದಲ್ಲಿ. ಕಾರವಾರದಿಂದ ಅಂಕೋಲೆಗೆ ಬರುವ ಹೆದ್ದಾರಿಯಲ್ಲಿ, ಬಿಣಗಾ ದಾಟಿದ ಮೇಲೆ ಸಿಗುವ ಊರು. 1986ರಲ್ಲಿ ಆಗಿನ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸ ಮಾಡಿದರು. ಮುಂದೆ ಸರ್ವೆ, ನೋಟಿಸು, ಪರಿಹಾರದ ಲೆಕ್ಕಾಚಾರ ಎಂದು ವರ್ಷಗಳು ಉರುಳಿದವು. ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ ಬಿಟ್ಟು ತೋಡೂರು, ಅಮದಳ್ಳಿ, ಮುದಗಾ ಮುಂತಾದ ಕಡೆ ನೆಲೆಸಿದವು. 2005ರಲ್ಲಿ ‘ಐಎನ್‌ಎಸ್ ಕದಂಬ’ ಎಂಬ ಹೆಸರಿನಲ್ಲಿ ನೆಲೆ ಶುರುವಾಯಿತು. ದೇಶಕ್ಕೆ ಅದು ಬೇಕಾಗಿತ್ತು. ಆದರೆ ಅಮ್ಮ ಚಿಪ್ಪು ಹೆಕ್ಕಿ ಆಡಿದ ಅರ್ಗಾದ ಮರಳದಂಡೆ ಈಗ ಗೋಡೆಯ ಆಚೆಗಿದೆ. ಅಜ್ಜನ ಮನೆ ಹೋದ ಮೇಲೆ ಸೋದರಮಾವ ಚೆಂಡಿಯಾದಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡ. ಅಮ್ಮನಿಗೆ ತವರು ಎಂದರೆ ಈಗ ಅದೇ.

ಆ ಮನೆಯಲ್ಲಿ ನಾಲ್ವರಿದ್ದಾರೆ, ಬಚ್ಚಲು ಒಂದೇ. ನಾವು ಆರು ಜನ ಹೋಗಿ ಬಿದ್ದರೆ ಅತ್ತೆಮ್ಮ, ಅಂದರೆ ಮಾವನ ಹೆಂಡತಿ, ಮೂರು ದಿನ ಒಲೆಯ ಮುಂದೆಯೇ ಕೂರಬೇಕಾಗುತ್ತದೆ. ಹೋಗದಿದ್ದರೆ ಅಮ್ಮನ ಮನಸ್ಸು ಮುರಿಯುತ್ತದೆ. ಈಗ ಏನು ಮಾಡುವುದು?

ಎಡಿನ್‌ಬರೋದಲ್ಲಿ ಕೆಲಸದಲ್ಲಿರುವ ಮೈದುನ ಫೋನಿನಲ್ಲಿ ಒಂದು ಮಾತು ಹೇಳಿದ. ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಮನೆಯವರೇ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು, ಬೆಳಗಿನ ತಿಂಡಿಯನ್ನೂ ಕೊಡುವ ಪದ್ಧತಿ ಬಹಳ ಕಾಲದಿಂದ ಇದೆಯಂತೆ. ತಿಂಡಿಗೆ ಓಟ್ಸಿನ ಗಂಜಿ. ಹಳಬರು ಅದಕ್ಕೆ ಸಕ್ಕರೆಯಲ್ಲ, ಉಪ್ಪು ಹಾಕಿಕೊಳ್ಳುತ್ತಾರಂತೆ. ‘ವೈನಿ, ಕೋಣೆ ಹ್ಯಾಂಗ ಐತಿ ಅಂತ ಆಮ್ಯಾಲೆ ಕೇಳ್ರಿ. ಅಡಗಿ ಮಾಡೋರು ಯಾರು ಅಂತ ಮೊದಲ ಕೇಳ್ರಿ’ ಎಂದ. ಆ ಮಾತು ನನಗೆ ಹಿಡಿಸಿತು.

ಕಾಗದದ ಮೇಲೆ ನಾಲ್ಕು ದಾರಿ ಬರೆದೆವು. ಒಂದು, ಕಾರವಾರ ಪೇಟೆ: ಊಟದ ಹೋಟೆಲು, ಔಷಧದ ಅಂಗಡಿ, ಆಸ್ಪತ್ರೆ ಎಲ್ಲ ಹತ್ತಿರ, ಆದರೆ ಗದ್ದಲ. ಎರಡು, ಕಾಳಿ ನದಿ ಸಮುದ್ರ ಸೇರುವಲ್ಲಿರುವ ದೇವಬಾಗದ ರೆಸಾರ್ಟು: ಮಕ್ಕಳಿಗೆ ಸ್ವರ್ಗ, ಆದರೆ ದೋಣಿ ಹತ್ತಿ ಇಳಿದು ಮರಳಲ್ಲಿ ನಡೆಯಲು ಇಬ್ಬರು ಅಜ್ಜಿಯರ ಕಾಲು ಒಪ್ಪಬೇಕು. ಮೂರು, ಮಾವನ ಮನೆ. ನಾಲ್ಕು, ಚೆಂಡಿಯಾ, ಅಮದಳ್ಳಿಗಳ ಸುತ್ತಮುತ್ತ ಮನೆಯವರೇ ನಡೆಸುವ ಹೋಮ್‌ಸ್ಟೇ.

ಮಾವನೇ ಮನೆಯಿಂದ ಐದು ನಿಮಿಷದ ನಡಿಗೆಯಲ್ಲಿರುವ ಒಂದು ಹೋಮ್‌ಸ್ಟೇ ನಂಬರು ಕೊಟ್ಟ. ನಾನು ಫೋನಿನಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯುತ್ತೇನೆ, ನಿಮಗೂ ಉಪಯೋಗಕ್ಕೆ ಬಂದೀತು. ಮೇ ತಿಂಗಳಲ್ಲಿ ಬಾವಿಯಲ್ಲಿ ನೀರಿರುತ್ತದೆಯೇ? ಸಿಹಿ ನೀರೋ, ಉಪ್ಪು ಸೇರುತ್ತದೋ? (ಕರಾವಳಿಯ ಬೇಸಿಗೆಯಲ್ಲಿ ಈ ಪ್ರಶ್ನೆ ಎ.ಸಿ. ಇದೆಯೇ ಎಂಬುದಕ್ಕಿಂತ ದೊಡ್ಡದು.) ಕೋಣೆಗೆ ಮೆಟ್ಟಿಲು ಎಷ್ಟು? ಕುರ್ಚಿಯಂತೆ ಕೂರುವ ಶೌಚಾಲಯ ಇದೆಯೇ? ಬಾಡಿಗೆ ಕೋಣೆಗೋ, ತಲೆಗೋ? ಊಟ ಅದರಲ್ಲಿ ಸೇರಿದೆಯೇ? ನಾವೇ ಮೀನು ತಂದುಕೊಟ್ಟರೆ ಮಾಡಿಕೊಡುವಿರಾ? ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ ಇದೆಯೇ? ಆ ಮನೆಯಾಕೆ ಕೊನೆಯ ಪ್ರಶ್ನೆಗೆ ನಕ್ಕು, ‘ಬೇರೆ ಪಾತ್ರೆ ಅಲ್ಲ, ಬೇರೆ ಒಲೆಯೇ ಉಂಟು’ ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಅಮ್ಮ ಮತ್ತು ಮೊಮ್ಮಗ ಮಾವನ ಮನೆಯಲ್ಲಿ, ಉಳಿದ ನಾಲ್ವರು ಹೋಮ್‌ಸ್ಟೇಯಲ್ಲಿ ಎರಡು ರಾತ್ರಿ. ಮೂರನೆಯ ರಾತ್ರಿ ಕಾರವಾರ ಪೇಟೆಯಲ್ಲಿ. ‘ತವರಿನ ಶಾಸ್ತ್ರ ಮುಗಿದ ಮೇಲೆ ಲಾಡ್ಜಾದರೂ ಅಡ್ಡಿಲ್ಲ’ ಎಂದು ಅಮ್ಮನೂ ಒಪ್ಪಿದಳು.

ಹೊರಡುವ ಕಾಲವನ್ನೂ ಹೊಟ್ಟೆಯೇ ಗೊತ್ತುಮಾಡಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲವದು. ಆಗ ಹೋದರೆ ತಾಜಾ ಸಮುದ್ರಮೀನು ಅಪರೂಪ. ಹಾಗೆಂದು ಮೇ ಮೊದಲ ವಾರವೇ ಯಲ್ಲಾಪುರ, ಅರಬೈಲ್ ಘಟ್ಟದ ಮೇಲಿಂದ ಅಂಕೋಲೆಗೆ ಇಳಿದೆವು. ಅಲ್ಲಿಂದ ಬಲಕ್ಕೆ ತಿರುಗಿ ಅವರ್ಸಾ, ಹಾರವಾಡ, ಅಮದಳ್ಳಿ ದಾಟಿದರೆ ಚೆಂಡಿಯಾ.

ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಬಂದ ಮೀನಿನಾಕೆಯ ಜೊತೆ ಅಮ್ಮ ಚೌಕಾಶಿಗೆ ಕೂತಳು. ಕಿವಿರು ಎತ್ತಿ ಕೆಂಪಗಿದೆಯೇ ನೋಡು, ಕಣ್ಣು ಮಂಕಾಗಿರಬಾರದು, ಬೆರಳಿಂದ ಒತ್ತಿದರೆ ಗುಳಿ ಬೀಳಬಾರದು ಎಂದು ಮಗಳಿಗೆ ಪಾಠವೂ ನಡೆಯಿತು. ಕೊಂಡದ್ದು ಬಂಗಡೆ. ಅತ್ತೆಮ್ಮ ಕಾಯಿ ರುಬ್ಬಿ, ಜುಮ್ಮನಕಾಯಿ ಜಜ್ಜಿ ಹಾಕಿ ಸಾರು ಮಾಡಿದಳು. ನಾಲಿಗೆ ಜುಮ್ಮೆನಿಸುವ ಆ ಕಾಯಿ ಬಂಗಡೆಯ ಜಿಡ್ಡು ವಾಸನೆಯನ್ನು ಹಿಡಿದು ಕೂರಿಸುತ್ತದೆ. ಹೋಮ್‌ಸ್ಟೇಯ ಇನ್ನೊಂದು ಒಲೆಯ ಮೇಲೆ ಧಾರವಾಡದ ಅತ್ತೆಗೆ ತೊಂಡೆಕಾಯಿ, ಹಸಿ ಗೋಡಂಬಿಯ ಪಲ್ಯ, ಹರಿವೆ ಹುಳಿ, ತೆಂಗಿನ ಹಾಲಿಗೆ ಮುರುಗಲು ರಸ ಬೆರೆಸಿದ ಸೋಲ್ ಕಡಿ. ಊಟಕ್ಕೆ ಎಲ್ಲರೂ ಒಂದೇ ಜಗಲಿಯಲ್ಲಿ ಕೂತೆವು. ಅಮ್ಮ ತುಸು ದೂರ ಸರಿಯಲು ಹೋದಾಗ ಅತ್ತೆ ತಡೆದರು. ‘ಬೀಗ್ತಿಯವರ, ನೀವು ಮೀನ ತಿಂದರ ನನಗೇನ ತ್ರಾಸಿಲ್ಲ. ನನ್ನ ಸೌಟು ಅಷ್ಟ ಬ್ಯಾರೆ ಇರಲಿ, ಸಾಕು.’

ಚೆಂಡಿಯಾದ ಗುಡ್ಡದ ಬುಡದಲ್ಲಿ ನಾಗರಮಡಿ ಜಲಪಾತವಿದೆ. ಬೇಸಿಗೆಯಲ್ಲಿ ನೀರು ಕಡಿಮೆ. ಮಳೆಗಾಲದಲ್ಲಿ ಬಂಡೆಗಳ ನಡುವೆ ಧುಮ್ಮಿಕ್ಕುತ್ತದೆ. ಆದರೆ ಗುಡ್ಡದ ಮೇಲೆ ಮಳೆ ಸುರಿದರೆ ಕೆಳಗೆ ಹಠಾತ್ತನೆ ನೀರು ಏರುತ್ತದೆ, ಹಿಂದೆ ಜೀವಹಾನಿಯೂ ಆಗಿದೆ. ಊರವರು ಬೇಡವೆಂದ ದಿನ ಹೋಗಬಾರದು. ಊಟದ ಜಾಗಕ್ಕೂ ಇದೇ ಮಾತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹದಂಗಡಿಯೇ ಮಣ್ಣುಪಾಲಾಯಿತು. ಅದನ್ನು ನಡೆಸುತ್ತಿದ್ದ ಕುಟುಂಬವೂ ಹೋಯಿತು. ಜೋರು ಮಳೆಯಲ್ಲಿ ಕಡಿದ ಗುಡ್ಡದ ಕೆಳಗೆ ಚಹಕ್ಕೆಂದು ಗಾಡಿ ನಿಲ್ಲಿಸಬೇಡಿ. ಬಯಲು ಜಾಗ ಬರುವತನಕ ಹಸಿವು ತಡೆದುಕೊಳ್ಳುವುದೇ ಲೇಸು.

ಮೂರನೆಯ ದಿನ ಕಾರವಾರಕ್ಕೆ ಹೊರಟೆವು. ಅರ್ಗಾ ಬಂದಾಗ ಅಮ್ಮ ಕಿಟಕಿಯ ಗಾಜು ಇಳಿಸಿದಳು. ಗೋಡೆ ಮುಗಿಯುವತನಕ ಮಾತಿಲ್ಲ. ಕೊನೆಗೆ ಮೊಮ್ಮಗನಿಗೆ, ‘ಅಲ್ಲಿ ಒಳಗೆ ನಮ್ಮ ಬಾವಿ ಇತ್ತು. ಸಮುದ್ರದ ಹತ್ತಿರವೇ ಇದ್ದರೂ ನೀರು ಸಿಹಿ’ ಎಂದಳು. ಅವನು, ‘ಈಗ ಅದನ್ನು ಸೈನಿಕರು ಕುಡಿತಾರಾ ಅಜ್ಜಿ?’ ಎಂದು ಕೇಳಿದ. ಅಮ್ಮ ಸ್ವಲ್ಪ ಯೋಚಿಸಿ, ‘ಕುಡಿದರೆ ಒಳ್ಳೇದೇ’ ಎಂದಳು.

ಕಾರವಾರದಲ್ಲಿ ಮಕ್ಕಳು ರವೀಂದ್ರನಾಥ ಟ್ಯಾಗೋರ್ ಕಡಲತೀರದ ‘ಚಪಲ್’ ಯುದ್ಧನೌಕೆಯ ವಸ್ತುಸಂಗ್ರಹಾಲಯ ನೋಡಿದರು. ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ತರುಣ ಕವಿ ಬಂದು ತಂಗಿದ್ದು ಅಣ್ಣನ ಮನೆಯಲ್ಲೇ. ಅದನ್ನು ಕೇಳಿ ಅಮ್ಮ, ‘ನೋಡು, ಅವರೂ ಲಾಡ್ಜಿಗೆ ಹೋಗಲಿಲ್ಲ’ ಎಂದು ನನ್ನನ್ನು ಚುಚ್ಚಿದಳು!

ಪೇಟೆಯಲ್ಲಿ ಮೀನೂಟದ ಹೋಟೆಲು ಆರಿಸುವುದು ಸುಲಭ. ಮಧ್ಯಾಹ್ನ ಒಂದು ಗಂಟೆಗೆ ಕಚೇರಿಯ ನೌಕರರು, ಲಾರಿ ಚಾಲಕರು ಎಲ್ಲಿ ಕಾಯುತ್ತಾ ನಿಂತಿದ್ದಾರೋ ಅಲ್ಲಿಗೆ ಹೋಗಿ. ತಡವಾದರೆ ಒಳ್ಳೆಯ ಮೀನು ಖಾಲಿ. ಇಸ್ವಾಣ, ಪಾಂಪ್ಲೆಟ್ ಬೆಲೆ ಆಯಾ ದಿನದ್ದು. ಹುರಿಯಲು ಹೇಳುವ ಮೊದಲೇ ಕೇಳಿಕೊಳ್ಳಿ.

ಹಿಂದಿರುಗುವಾಗ ಅಂಕೋಲಾ ಪೇಟೆಯಲ್ಲಿ ಇಶಾಡು ಮಾವು ಕೊಂಡೆವು. 2023ರಲ್ಲಿ ಕರಿ ಇಶಾಡಿಗೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಹಣ್ಣು ತುಂಬ ರಸ, ಆದರೆ ಹೆಚ್ಚು ದಿನ ಇರದು. ಮಾರುವಾಕೆ, ‘ನಾಳೆಗೆ ಇಟ್ಕಳಬೇಡಿ, ಇವತ್ತೇ ತಿನ್ನಿ’ ಎಂದಳು. ಅರಬೈಲ್ ಘಟ್ಟ ಹತ್ತುವಷ್ಟರಲ್ಲಿ ಬುಟ್ಟಿ ಅರ್ಧ ಖಾಲಿ.

‘ಮುಂದಿನ ಸಲ ಆಗಸ್ಟ್ ಕಳೆದ ಮೇಲೆ ಹೋಗುವ, ಆಗ ಮೀನು ಬಲು ಲಾಯ್ಕು’ ಎಂದಳು ಅಮ್ಮ.

ಹಿಂದಿನ ಸೀಟಿನಿಂದ ಅತ್ತೆಯ ದನಿ ಬಂತು: ‘ಆಗಲಿ ಬೀಗ್ತಿ. ಆವಾಗ ಸೌಟು ನಾನ ತರ್ತೀನಿ.’