ಮಣೆಯ ಆಚೆಬದಿಯವನು

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಮರ್ಮವನ್ನು ಬಲ್ಲವರಾಗಿದ್ದರು. ಕುದುರೆಯೊಂದನ್ನು ಯಾವ ಮನೆಯನ್ನೂ ಎರಡನೆಯ ಬಾರಿ ಮುಟ್ಟದಂತೆ 64 ಮನೆಗಳಲ್ಲಿಯೂ ನಡೆಸುವ ಬಂಧಗಳನ್ನು ಅವರು ರಚಿಸಿದರು. ಅಂತಹ ಬಂಧವನ್ನು ಬಿಡಿಸಲು ಒಬ್ಬನೇ ಸಾಕು. ಆದರೆ ಆಟವಾಡಲು ಮಣೆಯ ಆಚೆಬದಿಯಲ್ಲಿ ಇನ್ನೊಬ್ಬನು ಬೇಕೇ ಬೇಕು. ಈ ಸರಳ ಸತ್ಯವನ್ನು ಮರೆತಲ್ಲಿ ಅಹಂಕಾರವು ಮೊಳೆಯುತ್ತದೆ.

ಉಳಿದ ಆಟಗಳಲ್ಲಿ ಸೋತವನು ಗಾಳಿಯನ್ನೋ ಅಂಗಳವನ್ನೋ ಜೊತೆಗಾರನನ್ನೋ ದೂರಬಹುದು. ಚದುರಂಗದಲ್ಲಿ ಅದಕ್ಕೆ ಆಸ್ಪದವಿಲ್ಲ. ದಾಳವಿಲ್ಲ, ಮರೆಯಿಲ್ಲ, ಆನೆ, ಒಂಟೆ, ಕುದುರೆ, ಮಂತ್ರಿಗಳೆಲ್ಲ ಇಬ್ಬರ ಕಣ್ಣೆದುರಿಗೇ ಇರುತ್ತವೆ. ಆದುದರಿಂದಲೇ ಇಲ್ಲಿಯ ಸೋಲು ನೇರವಾಗಿ ಬುದ್ಧಿಯ ಅಭಿಮಾನಕ್ಕೆ ತಗಲುತ್ತದೆ.

1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ವಿಶ್ವ ಚಾಂಪಿಯನ್ ಬೋರಿಸ್ ಸ್ಪಾಸ್ಕಿಯವರಿಗೆ ಅಮೆರಿಕದ ಬಾಬಿ ಫಿಷರ್ ಎದುರಾದರು. ಎರಡನೆಯ ಆಟಕ್ಕೆ ಫಿಷರ್ ಬರಲೇ ಇಲ್ಲ. ಸ್ಪಾಸ್ಕಿ ಅದನ್ನೇ ನೆಪವಾಗಿಸಿಕೊಂಡು ಹಿಂದಿರುಗಲಿಲ್ಲ. ಮೂರನೆಯ ಆಟವನ್ನು ಪ್ರೇಕ್ಷಕರಿಂದ ದೂರವಾದ ಕೋಣೆಯಲ್ಲಿ ಆಡಲು ಸಮ್ಮತಿಸಿದರು. ಆರನೆಯ ಆಟದಲ್ಲಿ ಸೋತಾಗ ಪ್ರೇಕ್ಷಕರೊಡನೆ ತಾವೂ ಚಪ್ಪಾಳೆ ತಟ್ಟಿ ಎದುರಾಳಿಯ ಆಟವನ್ನು ಮೆಚ್ಚಿದರು. ಆ ವರ್ಷ ಅವರ ಪಟ್ಟ ಹೋಯಿತು, ಹಿರಿಮೆ ಉಳಿಯಿತು.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ 18 ವರ್ಷದ ಡಿ. ಗುಕೇಶ್ ಚೀನಾದ ಡಿಂಗ್ ಲಿರೆನ್‌ರನ್ನು ಗೆದ್ದು ವಿಶ್ವ ಚಾಂಪಿಯನ್ ಆದರು. ಗೆಲುವು ದೊರೆತದ್ದು ಕೊನೆಯ ಆಟದಲ್ಲಿ ಡಿಂಗ್ ಮಾಡಿದ ಒಂದು ತಪ್ಪಿನಿಂದ. ಗುಕೇಶ್ ಅದನ್ನು ಹಂಗಿಸಲಿಲ್ಲ. ಕಣ್ಣೀರಿನ ನಡುವೆಯೇ ಕಾಯಿಗಳನ್ನು ಮೊದಲಿನ ಮನೆಗಳಲ್ಲಿ ಜೋಡಿಸಿಟ್ಟರು. ಅನಂತರ ಡಿಂಗ್‌ರ ಹೋರಾಟವನ್ನು ಮನಸಾರೆ ಕೊಂಡಾಡಿದರು. ಮರುವರ್ಷ ನಾರ್ವೆಯಲ್ಲಿ ಗುಕೇಶ್‌ಗೆ ಸೋತ ಮ್ಯಾಗ್ನಸ್ ಕಾರ್ಲ್‌ಸನ್ ಮೇಜನ್ನು ಗುದ್ದಿದರು. ಆದರೆ ಒಡನೆಯೇ ಕ್ಷಮೆ ಕೋರಿದರು. ಮಹಾಪ್ರತಿಭೆಗೂ ಕೋಪವು ಸಹಜ. ಅದನ್ನು ಅರಿತು ತಿದ್ದಿಕೊಳ್ಳುವುದು ಸಂಸ್ಕಾರ.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ. ಅಂತಹ ಊರಿನ ಶಾಲೆಯ ಜಗಲಿಯ ಮೇಲೆ ಇಬ್ಬರು ಬಾಲಕರು ಮಣೆಯ ಮುಂದೆ ಕುಳಿತಿರುವರೆನ್ನಿ. ಸೋತವನು ಕಾಯಿಗಳನ್ನು ಚೆಲ್ಲಿ ಎದ್ದನು; ಗೆದ್ದವನು ಕೇಕೆ ಹಾಕಿದನು. ಗುರುಗಳು ಇಬ್ಬರನ್ನೂ ಗದರಿಸಿ ಕಳುಹಿಸಿದರೆ ಪಾಠವು ಅರ್ಧಕ್ಕೇ ನಿಂತೀತು. ಕಾಯಿಗಳನ್ನು ಇಬ್ಬರಿಂದಲೂ ಆಯಿಸಿ, ಅದೇ ಆಟವನ್ನು ಮತ್ತೆ ಮೊದಲಿನಿಂದ ನಡೆಸಿ ತೋರಿಸಲು ಹೇಳಬೇಕು. ಆಗ ಸೋತವನಿಗೆ ತಾನು ಎಡವಿದ ಮನೆ ಕಾಣುತ್ತದೆ. ಗೆದ್ದವನಿಗೆ ತಾನು ಕೂದಲೆಳೆಯಲ್ಲಿ ಪಾರಾದ ಸ್ಥಳವೂ ಕಾಣುತ್ತದೆ.

ಶರಣರ ಪರಂಪರೆಗೆ ಈ ಮಾತು ಹೊಸತಲ್ಲ. ಅಲ್ಲಮಪ್ರಭುಗಳ ಕಠಿಣ ಪ್ರಶ್ನೆಗಳಿಗೆ ಅಕ್ಕಮಹಾದೇವಿ ಎದೆಗುಂದದೆ ಉತ್ತರಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅಲ್ಲಿ ಪ್ರಶ್ನಿಸಿದವರು ಹಗೆಯಾಗಲಿಲ್ಲ. ಅಕ್ಕನ ನಿಲವನ್ನು ಲೋಕಕ್ಕೆ ತೋರಿಸಿಕೊಟ್ಟವರಾದರು. ಚದುರಂಗದ ಎದುರಾಳಿಯೂ ಹಾಗೆಯೇ, ನಮ್ಮ ಅಳತೆಯನ್ನು ನಮಗೆ ತಿಳಿಸಿಕೊಡುವವನು. ಆಟ ಮುಗಿದ ಮೇಲೆ ರಾಜನೂ ಪದಾತಿಯೂ ಒಂದೇ ಪೆಟ್ಟಿಗೆಯನ್ನು ಸೇರುತ್ತಾರೆ. ಮಣೆಯ ಮೇಲೆ ಉಳಿಯುವುದು ಕೈ ಕುಲುಕಲು ಚಾಚಿದ ಎರಡು ಕೈಗಳು ಮಾತ್ರ. ಆ ಕೈಗಳಲ್ಲಿ ಗೌರವವಿದ್ದರೆ ವಿದ್ಯೆಯು ಸಾರ್ಥಕವಾಯಿತೆಂದೇ ತಿಳಿಯಬೇಕು.