ಅಕಾಲದ ತೆರೆಗಳು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆಯಿತ್ತಾಗ, ಕನ್ನಡ ಪಂಡಿತನಾದ ನಾನು ಛಂದಸ್ಸನ್ನೋ ಕವಿಕಾವ್ಯವನ್ನೋ ಕುರಿತು ಬರೆಯುವೆನೆಂಬುದು ಅವರ ನಿರೀಕ್ಷೆಯಾಗಿದ್ದಿತು. ಆದರೆ ಈ ಸಲ ನನ್ನ ಚರ್ಮದ ವಿಷಯವನ್ನೇ ಬರೆಯುತ್ತಿದ್ದೇನೆ. ವಾಚಕ ಮಹಾಶಯರು ಮನ್ನಿಸಬೇಕು.

ನಾಲ್ಕು ವರ್ಷಗಳ ಹಿಂದಿನ ಮಾತು. ಸೇಡಂನಿಂದ ಚಿತ್ತಾಪುರದ ಮಾರ್ಗವಾಗಿ ವಾಡಿ ಜಂಕ್ಷನ್ನಿಗೆ ಬಂದಿಳಿದು, ಶಹಾಬಾದಿಗೆ ಹೋಗುವ ಗಾಡಿಗಾಗಿ ಕಾಯುತ್ತ ನಿಂತಿದ್ದೆ. ಬೆಂಚಿನ ಮೇಲೆ ಕುಳಿತಿದ್ದ ರುಮಾಲಿನ ಹಿರಿಯರೊಬ್ಬರು ಎದ್ದು, “ಮುತ್ಯಾ, ಇಲ್ಲಿ ಕುಂದರ್ರಿ” ಎಂದು ಸ್ಥಳ ಬಿಟ್ಟುಕೊಟ್ಟರು. ಮಾತಿಗೆ ಮಾತು ಬೆಳೆದು ವಯಸ್ಸಿನ ಪ್ರಸ್ತಾಪ ಬಂದಾಗ ಅವರಿಗೆ 63, ನನಗೆ 54 ಎಂದು ತಿಳಿಯಿತು. ಅವರು ನಾಚಿದರು. ನಾನಾದರೋ ಒಳಗೊಳಗೇ ಹಿಗ್ಗಿದೆ. ವಿದ್ಯೆಯ ಜೊತೆಗೆ ವಯೋವೃದ್ಧರ ಕಳೆಯೂ ಬಂದಿತೆಂದು ಭಾವಿಸಿದ ನನ್ನ ಅವಿವೇಕಕ್ಕೆ ಏನೆನ್ನಲಿ!

ಹಳಗನ್ನಡದಲ್ಲಿ ‘ನರೆ–ತೆರೆ’ ಎಂಬ ಜೋಡುನುಡಿಯುಂಟು. ನರೆಯೆಂದರೆ ಬೆಳ್ಳಗಾದ ಕೂದಲು; ತೆರೆಯೆಂದರೆ ಚರ್ಮದ ಸುಕ್ಕು, ನೀರಿನ ಅಲೆಗೂ ಅದೇ ಶಬ್ದ. ಇದರ ಸೊಗಸನ್ನು ತರಗತಿಯಲ್ಲಿ ವರ್ಷ ವರ್ಷವೂ ವಿವರಿಸಿದವನಿಗೆ ತನ್ನ ಮುಂಗೈಯ ಮೇಲಿನ ತೆರೆಗಳು ಕಾಣಿಸಲಿಲ್ಲ. ಅಂಗಾಲು ಬಿರಿದಿತ್ತು. ಮೊಣಕಾಲಿನ ಕೆಳಗೆ ಚರ್ಮ ಒಣಗಿ ಹೊಟ್ಟೇಳುತ್ತಿತ್ತು. ಅಲ್ಲಲ್ಲಿ ಕಂದು ಕಲೆಗಳೂ ಮೂಡಿದ್ದವು. ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪಗಾಗಿತ್ತು. ಇದಕ್ಕೆಲ್ಲ ನೆಪ ಹುಡುಕಲು ನಮ್ಮ ಸೀಮೆಯಲ್ಲಿ ಕಷ್ಟವೇ? ಬೇಸಿಗೆಯಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲು, ವಾಡಿ–ಸೇಡಂಗಳ ಸಿಮೆಂಟ್ ಕಾರ್ಖಾನೆಗಳು, ಶಹಾಬಾದಿನ ಕಲ್ಲುಗಣಿಗಳು. ಬಿಸಿಲು ಚರ್ಮಕ್ಕೆ ಮುಪ್ಪು ತರುವುದು ನಿಜ. ಸಿಮೆಂಟಿನ ಧೂಳು ಅದನ್ನು ಒಣಗಿಸುವುದೂ ನಿಜ. ಇಂತಹ ನಿಜವಾದ ಕಾರಣಗಳ ಮರೆಯಲ್ಲಿಯೇ ಇನ್ನೊಂದು ಕಾರಣವು ಸುಖವಾಗಿ ಅಡಗಿ ಕುಳಿತಿತ್ತು.

ಅದು ಹೊರಬಿದ್ದ ಬಗೆ ಹೀಗೆ. ಚಿಂಚೋಳಿ ತಾಲ್ಲೂಕಿನ ಒಂದು ಗ್ರಾಮದ ಜಾತ್ರೆಗೆ ಹೋಗಿದ್ದೆ. ಚೈತ್ರದ ಮಧ್ಯಾಹ್ನ, ಗುಡಿಯ ಅಂಗಳಕ್ಕೆಲ್ಲ ಶಹಾಬಾದಿ ಪರಸಿ. ಜನರೆಲ್ಲ ಕಾಲು ಸುಟ್ಟು ಕುಣಿಯುತ್ತ ನೆರಳಿಗೆ ಓಡುತ್ತಿದ್ದರೆ ನಾನು ಗಂಭೀರವಾಗಿ ನಡೆದುಹೋದೆ. “ಪಂಡಿತರ ನಿಷ್ಠಾ ನೋಡ್ರಿ” ಎಂದು ಯಾರೋ ಉದ್ಗರಿಸಿದರು. ರಾತ್ರಿ ನನ್ನ ಮನೆಯವರು ನೋಡಿದಾಗ ಅಂಗಾಲಿನಲ್ಲಿ ಎರಡು ದೊಡ್ಡ ಬೊಬ್ಬೆಗಳೆದ್ದಿದ್ದವು. ನಿಷ್ಠೆಯಲ್ಲ ಮಹನೀಯರೇ, ಕಾಲಿಗೆ ಸ್ಪರ್ಶಜ್ಞಾನವೇ ಇರಲಿಲ್ಲ.

ಕಲಬುರಗಿಯಲ್ಲಿ ನನ್ನನ್ನು ಪರೀಕ್ಷಿಸಿದ ವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿ. “ಗುರುಗಳೇ, ಎರಡೂ ಕೈ ಜೋಡಿಸ್ರಿ” ಎಂದಳು. ಶಿಷ್ಯೆಗೆ ನಾನೇಕೆ ಕೈಮುಗಿಯಬೇಕೆಂದು ತಬ್ಬಿಬ್ಬಾಗಿ ಜೋಡಿಸಿದೆ. ಬೆರಳ ತುದಿಗಳು ಕೂಡಿದವು, ಅಂಗೈಯ ಬುಡ ಕೂಡಿತು. ನಡುವೆ ಬೆರಳುಗಳು ಬಾಗಿ ಸಂದಿ ಉಳಿಯಿತು. ಎಷ್ಟು ಒತ್ತಿದರೂ ಮುಚ್ಚಲಿಲ್ಲ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ‘ಪ್ರಾರ್ಥನೆಯ ಚಿಹ್ನೆ’ ಎಂದೇ ಹೆಸರಂತೆ. ಬೇರೆ ಕಾರಣಗಳಿಂದಲೂ ಹೀಗಾಗಬಹುದು, ಸುಕ್ಕುಗಳೆಲ್ಲ ಸಕ್ಕರೆಯಿಂದಲೇ ಬರುವುದಿಲ್ಲ ಎಂದು ಹೇಳಿ, ಅವಳು ರಕ್ತಪರೀಕ್ಷೆ ಮಾಡಿಸಿದಳು. ಮಧುಮೇಹ, ಅದೂ ಬಹುಕಾಲದ್ದು. ಚರಕಸಂಹಿತೆಯು ಪ್ರಮೇಹದಲ್ಲಿ 20 ಬಗೆಗಳನ್ನು ಎಣಿಸಿರುವುದನ್ನು ಬಲ್ಲವನಿಗೆ, ಮಧುಮೇಹ ಶಬ್ದದ ವ್ಯುತ್ಪತ್ತಿಯನ್ನು ಹೇಳಬಲ್ಲವನಿಗೆ, ರೋಗದ ಗುರುತೇ ಹತ್ತಿರಲಿಲ್ಲ!

ಚರ್ಮಕ್ಕೂ ಸಕ್ಕರೆಗೂ ಏನು ಸಂಬಂಧವೆಂದು ಕೇಳಿದೆ. ಅವಳು ರೊಟ್ಟಿಯ ದೃಷ್ಟಾಂತವನ್ನು ಕೊಟ್ಟಳು. ಹಂಚಿನ ಮೇಲೆ ಜೋಳದ ರೊಟ್ಟಿಗೆ ಕಂದು ಚುಕ್ಕೆ ಬರುವುದು ಹಿಟ್ಟಿನೊಳಗಿನ ಸಕ್ಕರೆಯಂಶವು ಪ್ರೋಟೀನಿನೊಡನೆ ಬೆರೆತು ಬೇಯುವುದರಿಂದ; ಫ್ರಾನ್ಸಿನ ಮೇಯಾರ್ ಎಂಬ ವಿದ್ವಾಂಸನು 1912ರಲ್ಲಿ ಈ ಕ್ರಿಯೆಯನ್ನು ವರ್ಣಿಸಿದನು. ದೇಹದ ಕಾವಿನಲ್ಲಿಯೂ ಅದು ನಿಧಾನವಾಗಿ ನಡೆಯುತ್ತದೆ. ರಕ್ತದ ಕೆಂಪುಕಣದ ಆಯುಷ್ಯ ಸುಮಾರು 120 ದಿನ; ಅಂಟಿದ ಸಕ್ಕರೆ ಕಣದೊಡನೆಯೇ ಹೋಗುತ್ತದೆ. ಚರ್ಮಕ್ಕೆ ಗಟ್ಟಿತನವನ್ನೀಯುವ ಕೊಲಾಜನ್ ಎಂಬ ನಾರಾದರೋ ವರ್ಷಗಟ್ಟಲೆ ಇರುವಂಥದು. ಅದಕ್ಕೆ ಅಂಟಿದ ಸಕ್ಕರೆ ಎಳೆಗೆ ಎಳೆಯನ್ನು ಬಿಗಿದು, ನಾರನ್ನು ಪೆಡಸಾಗಿಸುತ್ತದೆ. ಚರ್ಮ ಹಿಗ್ಗು ಕಳೆದುಕೊಳ್ಳುತ್ತದೆ, ಬೆರಳು ಸೆಟೆಯುತ್ತದೆ. ಅತ್ತ ನರಗಳು ಕುಂದಿದಾಗ ಕಾಲು ಬೆವರುವುದೂ ನಿಂತು ಚರ್ಮ ಬಿರಿಯುತ್ತದೆ.

“ಇದು ಹಿಂದಕ್ಕೆ ಬರತದೇನವ್ವಾ?” ಎಂದೆ. ಅವಳು ಸುಳ್ಳು ಹೇಳಲಿಲ್ಲ. ಬಿಗಿದದ್ದು ಸುಲಭವಾಗಿ ಬಿಚ್ಚದು. ಹೆಚ್ಚು ಬಿಗಿಯದಂತೆ ತಡೆಯಬಹುದು ಎಂದಳು. ಅಮೆರಿಕ–ಕೆನಡಾಗಳಲ್ಲಿ 1983ರಿಂದ 1993ರವರೆಗೆ ಒಂದನೆಯ ಬಗೆಯ ಮಧುಮೇಹಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರ ಚರ್ಮದ ಕೊಲಾಜನ್ನಿನಲ್ಲಿ ಈ ಅಂಟು ಕಡಿಮೆಯಿದ್ದಿತೆಂದು ಕಂಡುಬಂದಿದೆ. ನನ್ನದು ಎರಡನೆಯ ಬಗೆಯದು. ಆದರೂ ಸಕ್ಕರೆ ಅಂಟುವ ರೀತಿ ಒಂದೇ.

ಭಾರತದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು 2023ರಲ್ಲಿ ಅಂದಾಜಿಸಿತು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೆಷ್ಟೋ ಜನ ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಬಿರಿದ ಕಾಲನ್ನು ದುಡಿಮೆಯ ಮುದ್ರೆಯೆಂದೇ ತಿಳಿಯುತ್ತಾರೆ. 30 ದಾಟಿದವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಸಕ್ಕರೆಯ ತಪಾಸಣೆ ಉಂಟು. ದಾನಿಗಳು ಜಾತ್ರೆಯ ದಾಸೋಹದಲ್ಲಿ ಹುಗ್ಗಿ ಹೋಳಿಗೆಗಳನ್ನು ಬಡಿಸುವಂತೆಯೇ ಪಕ್ಕದಲ್ಲಿ ಒಂದು ರಕ್ತಪರೀಕ್ಷೆಯ ಮೇಜನ್ನೂ ಹಾಕಿಸಿದರೆ ನನ್ನಂಥ ನಾಲ್ವರಾದರೂ ಸಿಕ್ಕಿಬಿದ್ದಾರು. ಬೆಲ್ಲಕ್ಕೆ ದೋಷವಿಲ್ಲವೆಂಬ ಮಾತನ್ನು ಮಾತ್ರ ಯಾರೂ ನಂಬಬಾರದು. ನಾನು ನಂಬಿ ಕೆಟ್ಟವನು.

ಈಗ ಅಂಗಳದ ಪರಸಿ ಕಾಯುವ ಮೊದಲೇ, ಬೆಳಗಿನ ಹೊತ್ತಿನಲ್ಲಿ ಗುಡಿಗೆ ಹೋಗಿಬರುತ್ತೇನೆ. ರಾತ್ರಿ ಮನೆಯವರು ದೀಪ ಹಿಡಿದು ಅಂಗಾಲನ್ನು ಪರೀಕ್ಷಿಸಿ, ಬೆರಳ ಸಂದುಗಳನ್ನು ಬಿಟ್ಟು ಉಳಿದೆಡೆ ಕೊಬ್ಬರಿ ಎಣ್ಣೆ ಸವರುತ್ತಾರೆ. ಶಾಲೆಯಲ್ಲಿ ಪ್ರಾರ್ಥನೆಯ ಗಂಟೆಯಾದಾಗ ಕೈ ಜೋಡಿಸುತ್ತೇನೆ. ಅಂಗೈಗಳ ನಡುವಿನ ಸಂದಿಯಲ್ಲಿ ಒಂದು ಸೀಮೆಸುಣ್ಣ ಹಾಯುತ್ತದೆ. ಮೂರು ವರ್ಷಗಳಿಂದ ಒಂದೇ ಹಾಯುತ್ತದೆ, ಎರಡಲ್ಲ.